ಒಬ್ಬನೇ ಬ್ಲಾಕ್ಸ್ ಸಾಲಾಗಿ ಇಡುವ ಮಗ ಬೇರೆಯವರ ಜೊತೆ ಆಡುವುದು ಹೇಗೆ?

ಪ್ರಶ್ನೆ: ಅಕ್ಕಾ, ನಮ್ಮ ಮಗನಿಗೆ ನಾಲ್ಕು ವರ್ಷ. ಆಟಿಸಂ ಇದೆ ಎಂದು ಡಾಕ್ಟರು ಹೇಳಿದ್ದಾರೆ. ಬಿಲ್ಡಿಂಗ್ ಬ್ಲಾಕ್ಸ್ ಅಂದರೆ ಅವನಿಗೆ ಜೀವ. ಆದರೆ ದಿನವಿಡೀ ಒಬ್ಬನೇ ಸಾಲಾಗಿ ಇಡುತ್ತಾನೆ, ಯಾರಾದರೂ ಮುಟ್ಟಿದರೆ ಚೀರುತ್ತಾನೆ. ಅದೇ ಬ್ಲಾಕ್ಸ್‌ನಿಂದ ಬೇರೆ ಮಕ್ಕಳ ಜೊತೆ ಬೆರೆಯುವುದನ್ನು ಕಲಿಸಬಹುದು ಅಂತಾರೆ. ನಿಜಾನಾ?
– ಒಬ್ಬ ತಾಯಿ, ಕಲಬುರಗಿ

ಕಲಿಸಬಹುದು, ತಂಗಿ. ಆದರೆ ಬ್ಲಾಕ್ಸ್ ತಾವಾಗಿಯೇ ಏನನ್ನೂ ಕಲಿಸುವುದಿಲ್ಲ. ಡಬ್ಬಿ ಪೂರ್ತಿ ಮುಂದೆ ಸುರಿದರೆ ಅವನಿಗೆ ಇನ್ನೊಬ್ಬರು ಬೇಕೇ ಆಗುವುದಿಲ್ಲ. ಇನ್ನೊಬ್ಬರು ಬೇಕಾಗುವ ಹಾಗೆ ಆಟ ಹೂಡುವುದು ನಮ್ಮ ಕೆಲಸ.

ಇದನ್ನು ಮೊದಲು ಗಮನಿಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ಲೆಗಾಫ್. ಅವರ ಕ್ಲಿನಿಕ್‌ಗೆ ಬರುತ್ತಿದ್ದ ಇಬ್ಬರು ಹುಡುಗರು ಲೆಗೊ, ಅಂದರೆ ಒಂದಕ್ಕೊಂದು ಸಿಕ್ಕಿಸುವ ಪ್ಲಾಸ್ಟಿಕ್ ಬ್ಲಾಕ್ಸ್, ತಂದಿದ್ದರು. ಹೊರಗೆ ಕಾಯುವ ಜಾಗದಲ್ಲಿ ಆ ಲೆಗೊ ಕಾರಣಕ್ಕೇ ಇಬ್ಬರೂ ಒಟ್ಟಿಗೆ ಆಡತೊಡಗಿದರು. ಅಲ್ಲಿಂದ ಲೆಗಾಫ್ ಒಂದು ಪದ್ಧತಿ ಬೆಳೆಸಿ, 2004ರಲ್ಲಿ ಅದರ ಬಗ್ಗೆ ಬರೆದರು. ಒಂದು ಮಗು ಚಿತ್ರ ನೋಡಿ ಹೇಳುತ್ತದೆ, ಇನ್ನೊಂದು ಬ್ಲಾಕ್ ಹುಡುಕಿಕೊಡುತ್ತದೆ, ಮತ್ತೊಂದು ಕಟ್ಟುತ್ತದೆ. ಮೂವರೂ ಮಾತಾಡದೆ ಆಟ ಮುಂದೆ ಹೋಗುವುದಿಲ್ಲ. 2008ರಲ್ಲಿ ಇಂಗ್ಲೆಂಡಿನಲ್ಲಿ ಇದರ ಬಗ್ಗೆ ಮತ್ತೊಂದು ಅಧ್ಯಯನ ಬಂತು. ಅದರಲ್ಲಿದ್ದ ಮಕ್ಕಳಿಗೆ 6ರಿಂದ 11 ವರ್ಷ. ನಾಲ್ಕು ವರ್ಷದವನಿಗೆ ಮೂರು ಪಾತ್ರ ಜಾಸ್ತಿಯಾಯಿತು.

ಹಾಗಾಗಿ ಇಬ್ಬರೇ ಸಾಕು. ಮನೆ ಕಟ್ಟುವಾಗ ಗೌಂಡಿ ಇರುತ್ತಾನೆ, ಇಟ್ಟಿಗೆ ಎತ್ತಿಕೊಡುವವನು ಇರುತ್ತಾನೆ ಅಲ್ವಾ? ಮಗ ಗೌಂಡಿ. ನೀವು ಇಟ್ಟಿಗೆ ಕೊಡುವವರು.

ಮೊದಲ ಕೆಲವು ದಿನ ಅವನ ಸಾಲನ್ನು ಮುಟ್ಟಲೇಬೇಡಿ. ಆ ಸಾಲು ಕೆಟ್ಟ ಅಭ್ಯಾಸವಲ್ಲ, ಅವನಿಗೆ ಅದರಲ್ಲಿ ನೆಮ್ಮದಿ ಇದೆ. ಪಕ್ಕದಲ್ಲಿ ಕೂತು ನೀವೂ ನಿಮ್ಮದೊಂದು ಸಾಲು ಇಡಿ. ಅವನು ಕೆಂಪು ಇಟ್ಟರೆ ನೀವೂ ಕೆಂಪು. ಒಮ್ಮೆ ನಿಮ್ಮ ಸಾಲಿನ ಕಡೆ ಕಣ್ಣು ಹಾಯಿಸುತ್ತಾನೆ. ಅವತ್ತು ನಿಮ್ಮಷ್ಟೇ ಖುಷಿ ನನಗೂ ಆಯಿತು ಅಂದುಕೊಳ್ಳಿ.

ಆಮೇಲೆ ಡಬ್ಬಿ ನಿಮ್ಮ ಮಡಿಲಿಗೆ ಬರಲಿ. ಅವನ ಹತ್ತಿರ ನಾಲ್ಕೈದು ಬ್ಲಾಕ್ ಮಾತ್ರ. ಮುಗಿದಾಗ ಒಂದನ್ನು ಅವನಿಗೆ ಕಾಣುವ ಹಾಗೆ ಹಿಡಿದು ಸುಮ್ನೆ ಕಾಯಿರಿ. ಕೈ ಚಾಚಲಿ, ನಿಮ್ಮ ಕಡೆ ನೋಡಲಿ, 'ಊಂ' ಎನ್ನಲಿ, ಏನು ಮಾಡಿದರೂ ಅದೇ ಕೇಳುವುದು. ತಕ್ಷಣ ಕೊಟ್ಟುಬಿಡಿ. 'ಕೊಡು ಅಂತ ಅನ್ನು' ಎಂದು ಸತಾಯಿಸಿದರೆ ಅದು ಆಟವಾಗಿ ಉಳಿಯುವುದಿಲ್ಲ. ಗದ್ದ ಹಿಡಿದು 'ನನ್ನ ಮುಖ ನೋಡು' ಎನ್ನುವುದೂ ಬೇಡ. ದಯವಿಟ್ಟು ಬೇಡ.

ಇದು ಸಲೀಸಾದ ಮೇಲೆ ಪಾಳಿ. ಒಂದೇ ಗೋಪುರಕ್ಕೆ ಅವನು ಒಂದು, ನೀವು ಒಂದು. 'ನನ್ನ ಪಾಳಿ, ನಿನ್ನ ಪಾಳಿ' ಎಂಬ ಎರಡೇ ಮಾತು ಸಾಕು. ಮುತ್ಯಾ, ಆಯಿ, ಕಾಕಾ ಎಲ್ಲರೂ ಅದನ್ನೇ ಹೇಳಲಿ. ನಮ್ಮ ಕಡೆ ಒಂದೇ ಮನೆಯಲ್ಲಿ ಕನ್ನಡ, ಉರ್ದು, ಮರಾಠಿ ಬೆರೆತಿರುತ್ತವೆ. ಮನೆಯಲ್ಲಿ ಯಾವ ಮಾತು ಇದ್ದರೂ ಸರಿ, ಆಟದ ಮಾತು ದಿನಕ್ಕೊಂದು ಥರ ಬದಲಾಗದಿದ್ದರೆ ಆಯಿತು.

ನನ್ನ ಅಕ್ಕನ ಮಗನ ವಿಷಯದಲ್ಲಿ ನಾವು ಒಂದು ತಪ್ಪು ಮಾಡಿದ್ದೆವು. ಗೋಪುರ ಬಿದ್ದಾಗಲೆಲ್ಲ ಅವನು ಕಿವಿ ಮುಚ್ಚಿ ಓಡುತ್ತಿದ್ದ. ಸೋತಿದ್ದಕ್ಕೆ ಸಿಟ್ಟು ಅಂದುಕೊಂಡೆವು. ಅದು ಶಹಾಬಾದ್ ಕಲ್ಲಿನ ನೆಲದ ಮೇಲೆ ಬೀಳುವ ಸದ್ದು! ಕೌದಿ ಹಾಸಿದ ದಿನದಿಂದ ಓಡುವುದು ನಿಂತಿತು. ನಿಮ್ಮ ಮನೆಯಲ್ಲೂ ಕಲ್ಲಿನ ನೆಲವಿದ್ದರೆ ಮೊದಲು ಕೌದಿ ಹಾಸಿ.

ಇನ್ನೊಂದು ಮಗುವನ್ನು ಯಾವಾಗ ಕರೆಯುವುದು? ನಿಮ್ಮ ಜೊತೆ ಪಾಳಿ ನಡೆದ ಮೇಲೆ. ಒಂದೇ ಮಗು, ಸ್ವಲ್ಪ ದೊಡ್ಡದು, ಸಮಾಧಾನ ಇರುವಂಥದ್ದು. 'ನೀನು ಡಬ್ಬಿ ಹಿಡಿ, ತಮ್ಮ ಕೇಳಿದಾಗ ಕೊಡು' ಎಂದು ಆ ಮಗುವಿಗೆ ಮೊದಲೇ ಹೇಳಿಕೊಡಿ. ಐದು ನಿಮಿಷ ಸಾಕು, ಬೇಸರ ಬರುವ ಮೊದಲೇ ನಿಲ್ಲಿಸಿ. ಅಂಗನವಾಡಿಗೆ ಹೋಗುತ್ತಿದ್ದರೆ ಕಾರ್ಯಕರ್ತೆಗೂ ಇದೇ ಆಟ ತೋರಿಸಿ.

ದುಬಾರಿ ಲೆಗೊ ಬೇಕಿಲ್ಲ. ಬಡಿಗರ ಹತ್ತಿರ ಉಳಿದ ಕಟ್ಟಿಗೆ ತುಂಡುಗಳನ್ನು ಚೆನ್ನಾಗಿ ಉಜ್ಜಿಸಿ ತಂದರೂ ನಡೆಯುತ್ತದೆ. ಬಾಯಿಗೆ ಹಾಕಿಕೊಳ್ಳುವ ಮಗುವಾದರೆ ವಯಸ್ಸು ಎಷ್ಟೇ ಇರಲಿ, ಸಣ್ಣ ತುಂಡು ಬೇಡ. ಆಯಸ್ಕಾಂತದ ಬ್ಲಾಕ್ಸ್ ಬಗ್ಗೆ ಇನ್ನೂ ಎಚ್ಚರ. ಒಡೆದು ಎರಡು ಆಯಸ್ಕಾಂತ ಹೊಟ್ಟೆಗೆ ಹೋದರೆ ಕರುಳಿಗೆ ತೂತು ಬೀಳಬಹುದು. ಜಾತ್ರೆಯಲ್ಲಿ ಕೊಂಡರೂ ಐಎಸ್‌ಐ ಗುರುತು ನೋಡಿ. 2021ರ ಜನವರಿಯಿಂದ ಆಟಿಕೆಗಳಿಗೆ ಅದು ಕಡ್ಡಾಯ.

ಇದು ಥೆರಪಿಗೆ ಬದಲಿ ಅಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ (ಡಿಸ್ಟ್ರಿಕ್ಟ್ ಅರ್ಲಿ ಇಂಟರ್ವೆನ್ಷನ್ ಸೆಂಟರ್) ಎಲ್ಲಿದೆ ಎಂದು ಕೇಳಿ. ಮಕ್ಕಳ ಬೆಳವಣಿಗೆಯ ತೊಂದರೆಗಳಿಗೆಂದೇ ಸರ್ಕಾರದ ಯೋಜನೆಯಲ್ಲಿರುವ ಕೇಂದ್ರ ಅದು. ಹೋಗುವಾಗ ಅವನು ಆಡುವ ಎರಡು ನಿಮಿಷದ ವಿಡಿಯೋ ಫೋನ್‌ನಲ್ಲಿ ಇರಲಿ. ಹೊಸ ಜಾಗದಲ್ಲಿ ಅವನು ಆಡದೇ ಇರಬಹುದು, ಆದರೆ ಮನೆಯಲ್ಲಿ ಏನು ಮಾಡುತ್ತಾನೆ ಎಂಬುದು ಅವರಿಗೆ ಗೊತ್ತಾಗುತ್ತದೆ.