ಸರಿಯುವ ಕಾಯಿಲ್‌ಗಳು: ಬಲ ಮತ್ತು ವೇಗದ ವೋಲ್ಟೇಜ್

ಒಳಗೆ ಕಬ್ಬಿಣವಿಲ್ಲದ ಎರಡು ಕಾಯಿಲ್‌ಗಳು ಒಂದೇ ಅಕ್ಷದಲ್ಲಿ ಎದುರುಬದುರಾಗಿವೆ. ಒಂದು ಸ್ಥಿರ, ಇನ್ನೊಂದು ಸರಿಯುತ್ತದೆ. ಸರಿದಾಗ ಅವುಗಳ ಸ್ವಂತ ಇಂಡಕ್ಟನ್ಸ್ (ತನ್ನ ಕರೆಂಟ್ ಬದಲಾದಾಗ ತನ್ನಲ್ಲೇ ವೋಲ್ಟೇಜ್ ಹುಟ್ಟಿಸುವ ಗುಣ) ಬದಲಾಗದು, ಮ್ಯೂಚುವಲ್ ಇಂಡಕ್ಟನ್ಸ್ (ಒಂದರ ಕರೆಂಟ್ ಬದಲಾದಾಗ ಇನ್ನೊಂದರಲ್ಲಿ ವೋಲ್ಟೇಜ್ ಹುಟ್ಟಿಸುವ ಗುಣ) ಮಾತ್ರ ಬದಲಾಗುತ್ತದೆ. ಒಂದು ಮೀಟರಿಗೆ ಅದು ಎಷ್ಟು ಹೆನ್ರಿ ಬದಲಾಗುತ್ತದೆ ಎಂಬುದನ್ನು ಇಳಿಜಾರು ಎನ್ನೋಣ.

ವೇಗದ ವೋಲ್ಟೇಜ್ = ಎದುರಿನ ಕಾಯಿಲ್‌ನ ಕರೆಂಟ್ × ಇಳಿಜಾರು × ವೇಗ
ಬಲ = ಮೊದಲ ಕರೆಂಟ್ × ಎರಡನೇ ಕರೆಂಟ್ × ಇಳಿಜಾರು

ಕಾಯಿಲ್‌ನ ಸಮೀಕರಣ ಬರೆಯುವಾಗ ರೆಸಿಸ್ಟನ್ಸ್ ಪಾಲು, ಕರೆಂಟ್ ಬದಲಾವಣೆಯ ಎರಡು ಪಾಲು ಎಲ್ಲರಿಗೂ ನೆನಪಿರುತ್ತವೆ. ವೇಗದ ಪಾಲು ಬಿಟ್ಟುಹೋಗುತ್ತದೆ. ಎರಡೂ ಕಡೆ ಶುದ್ಧ ಡಿಸಿ ಇದ್ದರೂ ಅದು ಹುಟ್ಟುತ್ತದೆ. ಕಾರವಾರದ ಬಳಿಯ ಕೈಗಾ ಅಣುಸ್ಥಾವರದಲ್ಲಿ 220 ಮೆಗಾವ್ಯಾಟ್ ಜನರೇಟರಿನ ರೋಟರ್‌ಗೆ (ತಿರುಗುವ ಭಾಗಕ್ಕೆ) ಕೊಡುವುದು ಡಿಸಿಯನ್ನೇ. ನಿಮಿಷಕ್ಕೆ 3000 ಸುತ್ತು ತಿರುಗುವ ಆ ರೋಟರಿನಿಂದ ಸ್ಟೇಟರಿನಲ್ಲಿ (ಸ್ಥಿರ ಭಾಗದಲ್ಲಿ) 50 ಹರ್ಟ್ಜ್ ವೋಲ್ಟೇಜ್ ಹುಟ್ಟಿಸುವುದು ಇದೇ ಪಾಲು. ಅಲ್ಲಿ ದೂರದ ಬದಲು ಕೋನ, ಅಷ್ಟೇ.

ಇಳಿಜಾರನ್ನು ಅಳೆದೇ ತೆಗೆಯಬೇಕು. ಕಾಯಿಲ್‌ಗಳನ್ನು ಸೀರೀಸ್‌ನಲ್ಲಿ ಜೋಡಿಸಿ ಎಲ್‌ಸಿಆರ್ ಮೀಟರಿನಲ್ಲಿ (ಇಂಡಕ್ಟನ್ಸ್ ಅಳೆಯುವ ಉಪಕರಣ) ಓದಿ. ಒಂದರ ತುದಿಗಳನ್ನು ಅದಲುಬದಲು ಮಾಡಿ ಮತ್ತೆ ಓದಿ. ವ್ಯತ್ಯಾಸವನ್ನು 4ರಿಂದ ಭಾಗಿಸಿದರೆ ಮ್ಯೂಚುವಲ್ ಇಂಡಕ್ಟನ್ಸ್. 4 ಸೆಂಮೀ ಅಂತರದಲ್ಲಿ 84.7 ಮತ್ತು 55.3 ಮಿಲಿಹೆನ್ರಿ ಬಂದರೆ ಅದು 7.35. ಹಾಗೆಯೇ 3.5 ಸೆಂಮೀಗೆ 8.34, 4.5ಕ್ಕೆ 6.49 ಸಿಕ್ಕಿತೆನ್ನಿ. ಒಂದು ಸೆಂಟಿಮೀಟರಿಗೆ 1.85 ಮಿಲಿಹೆನ್ರಿ, ಅಂದರೆ ಇಳಿಜಾರು 0.185.

3 ಮತ್ತು 2 ಆಂಪಿಯರ್ ಹರಿದರೆ ಬಲ 1.11 ನ್ಯೂಟನ್. ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಹತ್ತಿರ ಬರುವಾಗ 3 ಆಂಪಿಯರ್ ಕಾಯಿಲ್‌ನಲ್ಲಿ 0.185 ವೋಲ್ಟ್, ಇನ್ನೊಂದರಲ್ಲಿ 0.2775. ಎರಡೂ ಸಪ್ಲೈ ಸೇರಿ ಇದಕ್ಕಾಗಿ ಕೊಡುವುದು 1.11 ವ್ಯಾಟ್, ಚಲನೆಗೆ ಸಿಗುವುದು 0.555 ಮಾತ್ರ. ಉಳಿದರ್ಧ ಶಾಖವಾಗಿ ಹೋಗಿಲ್ಲ, ಕಾಂತಕ್ಷೇತ್ರದಲ್ಲಿ ಸೇರಿದೆ. ಈ ಲೆಕ್ಕ ಒಮ್ಮೆ ಕೈಯಾರೆ ಮಾಡಿದರೆ ಬಲದ ಸೂತ್ರಕ್ಕೆ ½ ಸೇರಿಸುವ ತಪ್ಪು ತಾನಾಗಿ ಬಿಟ್ಟುಹೋಗುತ್ತದೆ. ½ ಬರುವುದು ಸ್ವಂತ ಇಂಡಕ್ಟನ್ಸ್ ಬದಲಾದಾಗ, ಉದಾಹರಣೆಗೆ ಕಬ್ಬಿಣದ ತುಂಡನ್ನು ಸೆಳೆಯುವ ರಿಲೇಯಲ್ಲಿ.

ಬಲ ನೋಡಲು ಕೆಳಗಿನ ಕಾಯಿಲ್ಲನ್ನು ಡಿಜಿಟಲ್ ತಕ್ಕಡಿಯ ಮೇಲಿಡಿ: ಮೇಲಿನದು ಸೆಳೆದಾಗ ತೂಕ ಸುಮಾರು 113 ಗ್ರಾಂ ಇಳಿಯಬೇಕು. ತಕ್ಕಡಿಯೊಳಗಿನ ಉಕ್ಕು ಕಾಯಿಲ್ಲನ್ನು ಎಳೆಯದಂತೆ ನಡುವೆ 20 ಸೆಂಮೀ ಮರದ ದಿಮ್ಮಿ ಇರಲಿ. ದಪ್ಪ ವಯರ್ ತೂಕವನ್ನು ತಾಳುತ್ತದೆ, ಬಳುಕುವ ತೆಳು ವಯರ್ ಹಾಕಿ. ಅಲ್ಯೂಮಿನಿಯಂ ಸ್ಟ್ಯಾಂಡ್ ಬೇಡ. ಮೀಟರಿನ 1 ಕಿಲೋಹರ್ಟ್ಜ್‌ನಲ್ಲಿ ಅದರೊಳಗೆ ಎಡ್ಡಿ ಕರೆಂಟ್ (ಲೋಹದೊಳಗೆ ಸುಳಿಯಾಗಿ ಸುತ್ತುವ ಕರೆಂಟ್) ಹರಿದು ಓದು ಬದಲಾಗುತ್ತದೆ, ಡಿಸಿಯಲ್ಲಿ ಹಾಗಾಗದು. ಮೀಟರಿನ ಓದಿನಿಂದ ಲೆಕ್ಕಹಾಕಿದ ಬಲವೂ ತಕ್ಕಡಿ ತೋರಿಸುವ ಬಲವೂ ಹೊಂದುವುದೇ ಇಲ್ಲ.

ಕಾಯಿಲ್ ಬಿಸಿಯಾದಂತೆ ತಾಮ್ರದ ರೆಸಿಸ್ಟನ್ಸ್ ಡಿಗ್ರಿಗೆ ಸುಮಾರು 0.39% ಏರುತ್ತದೆ. ಕರಾವಳಿಯ ಉಪ್ಪುಗಾಳಿಗೆ, ಅದರಲ್ಲೂ ಮಳೆಗಾಲದಲ್ಲಿ, ಟರ್ಮಿನಲ್‌ಗಳಿಗೆ ಹಸಿರು ಕಿಲುಬು ಹಿಡಿದು ಕರೆಂಟ್ ಇನ್ನೂ ಕುಸಿಯುತ್ತದೆ. ಬಲ ಎರಡು ಕರೆಂಟ್‌ಗಳ ಗುಣಲಬ್ಧವಾದ್ದರಿಂದ ಎರಡೂ 5% ಇಳಿದರೆ ಬಲ ಹತ್ತಿರಹತ್ತಿರ 10% ಇಳಿಯಿತು. ಟರ್ಮಿನಲ್ ಉಜ್ಜಿ ಬಿಗಿ ಮಾಡಿ, ಸ್ಥಿರ ಕರೆಂಟ್ ಸಪ್ಲೈ ಬಳಸಿ, ತೂಕ ಓದುವಷ್ಟು ಹೊತ್ತು ಮಾತ್ರ ಸ್ವಿಚ್ ಹಾಕಿ.