ವಿದೇಶದಲ್ಲಿ ಮನೆ ಕೊಳ್ಳುವಾಗ ನೋಟರಿ ಬರುವುದು ಯಾವ ಹೊತ್ತಿಗೆ?

ದಾವಣಗೆರೆಯ ನ್ಯಾಯಾಲಯದ ಆಸುಪಾಸಿನಲ್ಲಿ ಓಡಾಡಿದವರಿಗೆ ನೋಟರಿಯ ಕೆಲಸವನ್ನು ವಿವರಿಸಬೇಕಿಲ್ಲ. ಬಾಡಿಗೆ ಕರಾರು, ಹೆಸರು ತಿದ್ದುಪಡಿಯ ಅಫಿಡವಿಟ್, ಜಿ.ಪಿ.ಎ. (ಸಾಮಾನ್ಯ ಅಧಿಕಾರ ಪತ್ರ) ಯಾವುದೇ ಇರಲಿ, ಆಧಾರ್ ನೋಡುತ್ತಾರೆ, ಎದುರಿಗೇ ಸಹಿ ಹಾಕಿಸುತ್ತಾರೆ, ರಿಜಿಸ್ಟರಿನಲ್ಲಿ ಕ್ರಮಸಂಖ್ಯೆ ಬರೆದು ಮೊಹರು ಒತ್ತುತ್ತಾರೆ. 1952ರ ನೋಟರಿ ಕಾಯ್ದೆಯ 8ನೇ ಕಲಂ ಓದಿದರೆ ದೃಢೀಕರಣ, ಪ್ರಮಾಣ ಬೋಧನೆ, ಭಾಷಾಂತರ ಎಲ್ಲವೂ ಸಿಗುತ್ತವೆ. ಮನೆಯ ಒಡೆತನ ಮಾತ್ರ ಆ ಮೇಜಿನ ಮೇಲೆ ಕೈ ಬದಲಾಗುವುದಿಲ್ಲ. ಅದಕ್ಕೆ ಉಪನೋಂದಣಿ ಕಚೇರಿಯಲ್ಲಿ ಕ್ರಯಪತ್ರ ನೋಂದಣಿಯಾಗಲೇಬೇಕು. ಜಿ.ಪಿ.ಎ. ಬರೆಸಿಕೊಂಡು ಮನೆ ಕೊಂಡೆ ಎನ್ನುವ ವ್ಯವಹಾರಕ್ಕೆ ಸುಪ್ರೀಂ ಕೋರ್ಟ್ 2011ರ ಸೂರಜ್ ಲ್ಯಾಂಪ್ ತೀರ್ಪಿನಲ್ಲಿ ಬಾಗಿಲು ಹಾಕಿದೆ.

ಯುರೋಪಿನ ನಾಗರಿಕ ಸಂಹಿತೆಯ ದೇಶಗಳಲ್ಲಿ ನೋಟರಿ ಬೇರೆಯೇ ಆಸಾಮಿ. ಅಲ್ಲಿ ಆತ ಸಾರ್ವಜನಿಕ ಅಧಿಕಾರ ಪಡೆದ ಕಾನೂನು ಪಂಡಿತ. ಕ್ರಯಪತ್ರವನ್ನು ಸಿದ್ಧಪಡಿಸುವವನೂ ಅದಕ್ಕೆ ಅಧಿಕೃತತೆ ಕೊಡುವವನೂ ಅವನೇ. ನಮ್ಮ ಪತ್ರ ಬರಹಗಾರರು, ನೋಟರಿ ಮತ್ತು ಉಪನೋಂದಣಾಧಿಕಾರಿ ಮೂವರ ಕೆಲಸದ ದೊಡ್ಡ ಪಾಲು ಆ ಒಂದೇ ಕುರ್ಚಿಗೆ ಸೇರಿದೆ. ಪಠ್ಯಪುಸ್ತಕಗಳು ಈ ವ್ಯತ್ಯಾಸವನ್ನು ಹೇಳಿ ಮುಂದಿನ ಅಧ್ಯಾಯಕ್ಕೆ ಹೋಗಿಬಿಡುತ್ತವೆ. ಕೊಳ್ಳುವವರ ಹಣ ಉಳಿಯಬೇಕಾದರೆ ಇನ್ನೊಂದು ಪ್ರಶ್ನೆ ಕೇಳಬೇಕು ಎಂಬುದು ನನ್ನ ಅಭಿಪ್ರಾಯ: ನೋಟರಿ ಬರುವುದು ಹಣ ಕೈಬಿಡುವ ಮೊದಲೋ, ಆಮೇಲೋ?

ಜರ್ಮನಿಯಲ್ಲಿ ಮೊದಲೇ ಬರುತ್ತಾನೆ. ಅಲ್ಲಿನ ನಾಗರಿಕ ಸಂಹಿತೆಯ 311ಬಿ ಕಲಂ ಪ್ರಕಾರ ಜಮೀನು ಅಥವಾ ಮನೆಯ ಮಾರಾಟದ ಒಪ್ಪಂದ ನೋಟರಿಯ ಮುಂದೆಯೇ ಆಗಬೇಕು. ಮನೆಯಲ್ಲಿ ಕುಳಿತು ಬರೆದುಕೊಂಡ ಕರಾರಿಗೆ ಬೆಲೆಯಿಲ್ಲ. ಮಾರುವವರು ಬಿಲ್ಡರ್‌ನಂಥ ವ್ಯಾಪಾರಿಯಾಗಿದ್ದು ಕೊಳ್ಳುವವರು ಸಾಮಾನ್ಯ ಗ್ರಾಹಕರಾಗಿದ್ದರೆ, ಕರಡು ಪ್ರತಿ ಸಾಮಾನ್ಯವಾಗಿ ಎರಡು ವಾರ ಮೊದಲೇ ಅವರ ಕೈಸೇರಬೇಕು. ಸಹಿಯ ದಿನ ನೋಟರಿ ಇಡೀ ಪತ್ರವನ್ನು ಗಟ್ಟಿಯಾಗಿ ಓದುತ್ತಾನೆ, ಮೊದಲಿನಿಂದ ಕೊನೆಯವರೆಗೆ. ಕೊಳ್ಳುವವರಿಗೆ ಜರ್ಮನ್ ಬಾರದಿದ್ದರೆ ಓದುವುದರ ಬದಲು ಪತ್ರವನ್ನು ಅವರಿಗೆ ಅನುವಾದಿಸಿ ಹೇಳಬೇಕು. ನೋಟರಿಗೆ ಆ ಭಾಷೆ ಬಾರದಿದ್ದರೆ ದುಭಾಷಿಯನ್ನು ಕರೆಸಬೇಕು. ಬರವಣಿಗೆಯಲ್ಲಿ ಅನುವಾದ ಬೇಕೆಂದು ಕೇಳುವ ಹಕ್ಕೂ ಇದೆ. ಅರ್ಥವಾಗದ ಪತ್ರಕ್ಕೆ ಸಹಿ ಬೀಳಬಾರದೆಂಬ ಹಠ ಈ ವಿಧಿಯ ಹಿಂದಿದೆ. ನಮ್ಮ ಕಡೆ ಕ್ರಯಪತ್ರದ ಎಷ್ಟು ಪುಟಗಳನ್ನು ಕೊಳ್ಳುವವರು ಓದಿರುತ್ತಾರೆ ಎಂದು ಯೋಚಿಸಿದರೆ ಈ ಹಠ ಅತಿರೇಕವೆನಿಸುವುದಿಲ್ಲ.

ಸಹಿಯಾದ ಕೂಡಲೇ ಪೂರ್ಣ ಹಣ ಕೊಡುವ ಪದ್ಧತಿಯೂ ಅಲ್ಲಿಲ್ಲ. ಭೂದಾಖಲೆಯ ಪುಸ್ತಕದಲ್ಲಿ ಕೊಳ್ಳುವವರ ಹೆಸರಿಗೆ ಮುಂಗಡ ನಮೂದು ಆಗಬೇಕು. ಹಳೆಯ ಅಡಮಾನವನ್ನು ಬಿಟ್ಟುಕೊಡುವುದಾಗಿ ಬ್ಯಾಂಕಿನಿಂದ ಪತ್ರ ಬರಬೇಕು. ಇತರರಿಗಿಂತ ಮೊದಲು ತಾನೇ ಕೊಳ್ಳುವ ಹಕ್ಕನ್ನು ಚಲಾಯಿಸುವುದಿಲ್ಲವೆಂದು ನಗರಾಡಳಿತ ತಿಳಿಸಬೇಕು. ಇವೆಲ್ಲ ಕೈಸೇರಿದ ಮೇಲೆ ನೋಟರಿ ‘ಈಗ ಹಣ ಕೊಡಬಹುದು’ ಎಂದು ಪತ್ರ ಬರೆಯುತ್ತಾನೆ. ನಡುವೆ ಮಾರಾಟಗಾರನಿಗೆ ಸಾಲ ಕೊಟ್ಟವರು ಜಪ್ತಿಗೆ ಬಂದರೂ ಆ ಮುಂಗಡ ನಮೂದು ಕೊಳ್ಳುವವರ ಹಕ್ಕನ್ನು ಕಾಯುತ್ತದೆ. 2023ರ ಏಪ್ರಿಲ್‌ನಿಂದ ಅಲ್ಲಿ ಮನೆಯ ಬೆಲೆಯನ್ನು ನಗದಾಗಿ ಕೊಡುವಂತೆಯೇ ಇಲ್ಲ.

ಫ್ರಾನ್ಸ್‌ನದು ಮಧ್ಯದ ದಾರಿ. ಮೊದಲು ಪ್ರಾಥಮಿಕ ಕರಾರು, ಕೆಲವು ತಿಂಗಳ ನಂತರ ನೋಟರಿಯ ಮುಂದೆ ಅಂತಿಮ ಪತ್ರ. ಕರಾರಿನ ನಂತರ ವಾಸದ ಮನೆ ಕೊಳ್ಳುವವರಿಗೆ 10 ದಿನಗಳ ಅವಕಾಶವಿದೆ. ಕಾರಣ ಹೇಳದೆ ಹಿಂದೆ ಸರಿಯಬಹುದು. ಹಣ ನೋಟರಿಯ ಖಾತೆಯ ಮೂಲಕವೇ ಸಾಗುತ್ತದೆ. ಹಳೆಯ ಮನೆಗೆ ‘ನೋಟರಿ ವೆಚ್ಚ’ ಎಂದು ಬೆಲೆಯ ಶೇ 7ರಿಂದ 8ರಷ್ಟು ಬೀಳುತ್ತದೆ ಎಂದು ಕೇಳಿ ಹೌಹಾರಬೇಡಿ. ಅದರ ಬಹುಪಾಲು ಸರ್ಕಾರಕ್ಕೆ ಹೋಗುವ ತೆರಿಗೆ. ನೋಟರಿಯ ಸ್ವಂತ ಶುಲ್ಕದ ದರವನ್ನೂ ಸರ್ಕಾರವೇ ಗೊತ್ತುಮಾಡಿದೆ. ಮಾರುವವರು ಒಬ್ಬ ನೋಟರಿ, ಕೊಳ್ಳುವವರು ಇನ್ನೊಬ್ಬ ನೋಟರಿ ಇಟ್ಟುಕೊಂಡರೂ ಅವರಿಬ್ಬರು ಅದೇ ಶುಲ್ಕವನ್ನು ಹಂಚಿಕೊಳ್ಳುತ್ತಾರೆ. ಹಾಗಾಗಿ ಖರ್ಚಿಗೆ ಹೆದರಿ ಮಾರುವವರ ನೋಟರಿಯನ್ನೇ ನೆಚ್ಚಿಕೊಳ್ಳಬೇಕಿಲ್ಲ.

ಸ್ಪೇನ್‌ನಲ್ಲಿ ನೋಟರಿ ಕೊನೆಯಲ್ಲಿ ಬರುತ್ತಾನೆ. ಎಚ್ಚರ ಬೇಕಾದ ಜಾಗ ಇದು. ಒಂದು ಕಲ್ಪಿತ ಉದಾಹರಣೆ ನೋಡೋಣ. ದಾವಣಗೆರೆಯ ಎಂ.ಸಿ.ಸಿ. ‘ಬಿ’ ಬ್ಲಾಕ್‌ನ ನಿವೃತ್ತ ಮೇಷ್ಟ್ರು ಒಬ್ಬರ ಮಗಳು ವೆಲೆನ್ಸಿಯಾದಲ್ಲಿ ಕೆಲಸ ಮಾಡುತ್ತಾಳೆ. ತಂದೆ, ಮಗಳು ಜಂಟಿಯಾಗಿ ಒಂದು ಹಳೆಯ ಫ್ಲಾಟ್ ಕೊಳ್ಳಲು ಹೊರಟಿದ್ದಾರೆ. ಮಧ್ಯವರ್ತಿ ಮೊದಲು ಮುಂದಿಡುವುದು ಮುಂಗಡದ ಕರಾರು. ಬೆಲೆಯ ಶೇ 10ರಷ್ಟನ್ನು ಕೊಡುವುದು ರೂಢಿ. ಕೊಳ್ಳುವವರು ಹಿಂದೆ ಸರಿದರೆ ಮುಂಗಡ ಹೋಯಿತು, ಮಾರುವವರು ಸರಿದರೆ ಎರಡರಷ್ಟು ಹಿಂತಿರುಗಿಸಬೇಕು ಎಂಬ ಷರತ್ತು ಅದರಲ್ಲಿರುತ್ತದೆ. ಈ ಕರಾರಿಗೆ ನೋಟರಿ ಬೇಕಿಲ್ಲ. ಅಂದರೆ ನೋಟರಿಯ ಮುಖ ನೋಡುವ ಮೊದಲೇ ಹಣದ ಒಂದು ಪಾಲು ಕೈಬಿಟ್ಟಿರುತ್ತದೆ.

ಕೊನೆಯ ದಿನ ನೋಟರಿ ಮಾಡುವ ಕೆಲಸ ಕಡಿಮೆಯದೇನಲ್ಲ. ಇಬ್ಬರ ಪಾಸ್‌ಪೋರ್ಟ್ ಮತ್ತು ವಿದೇಶಿಯರ ಗುರುತಿನ ಸಂಖ್ಯೆಯನ್ನು ನೋಡುತ್ತಾನೆ. ಜಂಟಿ ಒಡೆಯರಾದ ತಂದೆಗೂ ಆ ಸಂಖ್ಯೆ ಬೇಕು. ಮಾರುವವರೇ ಒಡೆಯರೇ, ಅಡಮಾನ ಉಂಟೇ ಎಂದು ಆಸ್ತಿ ನೋಂದಣಿ ಕಚೇರಿಯಿಂದ ಮಾಹಿತಿ ತರಿಸುತ್ತಾನೆ. ಹಣ ಯಾವ ಖಾತೆಯಿಂದ, ಯಾವ ರೂಪದಲ್ಲಿ ಹೋಯಿತು ಎಂದು ಪತ್ರದಲ್ಲೇ ದಾಖಲಿಸುತ್ತಾನೆ. ಮಾರುವವರು ಸ್ಪೇನ್‌ನ ನಿವಾಸಿಗಳಲ್ಲದಿದ್ದರೆ ಬೆಲೆಯ ಶೇ 3ನ್ನು ಕೊಳ್ಳುವವರೇ ಹಿಡಿದಿಟ್ಟು ತೆರಿಗೆ ಇಲಾಖೆಗೆ ಕಟ್ಟಬೇಕು. ಇದನ್ನು ಮರೆತರೆ ಮಾರುವವರ ತೆರಿಗೆ ಬಾಕಿಗೆ ಆ ಫ್ಲಾಟೇ ಹೊಣೆಯಾಗುತ್ತದೆ.

ನೋಟರಿ ಮಾಡದ ಕೆಲಸವೂ ಇದೆ. ಆತ ಫ್ಲಾಟಿಗೆ ಹೋಗಿ ನೋಡುವುದಿಲ್ಲ. ಬಾಲ್ಕನಿಯನ್ನು ಅನುಮತಿಯಿಲ್ಲದೆ ಮುಚ್ಚಿ ಕೋಣೆ ಮಾಡಿದ್ದರೆ ಅದು ಕಾಗದದಲ್ಲಿ ಕಾಣುವುದಿಲ್ಲ. ಬೆಲೆ ಜಾಸ್ತಿಯಾಯಿತೆಂದು ಕಿವಿಯಲ್ಲಿ ಹೇಳುವುದೂ ಇಲ್ಲ. ಆತ ಎರಡೂ ಕಡೆಯವರಿಗೆ ಸಮಾನ. ನಿಮ್ಮ ಪರವಾಗಿ ವಾದಿಸುವವನಲ್ಲ. ಆದ್ದರಿಂದ ಸ್ಪೇನ್‌ನಲ್ಲಿ ಮುಂಗಡ ಕೊಡುವ ಮೊದಲೇ ಸ್ವಂತ ವಕೀಲರನ್ನು ಹಿಡಿಯುವುದು ಕ್ಷೇಮ. ಅಮೆರಿಕದ ನೋಟರಿಯಾದರೋ ನಮ್ಮವರಿಗಿಂತಲೂ ಹಗುರ. ಗುರುತು ನೋಡಿ ಸಹಿಗೆ ಸಾಕ್ಷಿಯಾದರೆ ಅವನ ಕೆಲಸ ತೀರಿತು. ಒಡೆತನದ ಹಕ್ಕಿನಲ್ಲಿ ದೋಷ ಕಂಡುಬಂದರೆ ಅಲ್ಲಿನವರು ವಿಮೆಯನ್ನು ನಂಬಿಕೊಂಡಿದ್ದಾರೆ.

ಇನ್ನು ದಾವಣಗೆರೆಯ ನೋಟರಿಗೆ ಈ ಕಥೆಯಲ್ಲಿ ಪಾತ್ರವೇ ಇಲ್ಲವೇ? ಇದೆ. ಮೇಷ್ಟ್ರು ಸಹಿಗಾಗಿ ವೆಲೆನ್ಸಿಯಾಕ್ಕೆ ಹೋಗಲಾರರು. ಮಗಳ ಹೆಸರಿಗೆ ಅಧಿಕಾರ ಪತ್ರ ಕೊಡಬೇಕು. ಇಲ್ಲಿನ ನೋಟರಿ ಅದನ್ನು ದೃಢೀಕರಿಸುತ್ತಾರೆ, ರಾಜ್ಯ ಮಟ್ಟದ ದೃಢೀಕರಣದ ನಂತರ ವಿದೇಶಾಂಗ ಸಚಿವಾಲಯ ಅಪೊಸ್ಟಿಲ್ (ವಿದೇಶದಲ್ಲಿ ನಡೆಯುವ ದೃಢೀಕರಣ ಚೀಟಿ) ಅಂಟಿಸುತ್ತದೆ, ಕೊನೆಗೆ ಸ್ಪೇನ್ ಮಾನ್ಯ ಮಾಡಿದ ಅನುವಾದಕರಿಂದ ಅನುವಾದ. ಅಪೊಸ್ಟಿಲ್‌ಗೆ ಆಧಾರವಾದ 1961ರ ಹೇಗ್ ಒಪ್ಪಂದ ಭಾರತಕ್ಕೆ 2005ರ ಜುಲೈ 14ರಿಂದ ಅನ್ವಯಿಸುತ್ತದೆ. ಆದರೆ ನಮ್ಮ ಸೇರ್ಪಡೆಗೆ ಜರ್ಮನಿ ಆಕ್ಷೇಪ ಸಲ್ಲಿಸಿದ್ದರಿಂದ ಎರಡು ದೇಶಗಳ ನಡುವೆ ಅಪೊಸ್ಟಿಲ್ ನಡೆಯುವುದಿಲ್ಲ. ಇದನ್ನು ಕೆಂಪು ಶಾಯಿಯಲ್ಲಿ ಬರೆದಿಟ್ಟುಕೊಳ್ಳಿ. ಅಪೊಸ್ಟಿಲ್ ಹೇಳುವುದು ಸಹಿ, ಮೊಹರು, ಸಹಿ ಹಾಕಿದವರ ಹುದ್ದೆ ನಿಜವೆಂದಷ್ಟೇ. ಒಳಗಿನ ವಿಷಯದ ಬಗ್ಗೆ ಅದು ತುಟಿ ಬಿಚ್ಚುವುದಿಲ್ಲ. ಇಲ್ಲಿನ ದೃಢೀಕರಣ ತನ್ನ ಕೆಲಸಕ್ಕೆ ಸಮನಲ್ಲವೆಂದು ಸ್ಪೇನ್‌ನ ನೋಟರಿ ತಕರಾರು ಎತ್ತಬಹುದು. ಕರಡನ್ನು ಮೊದಲೇ ಅವನಿಗೆ ಕಳುಹಿಸಿ ಒಪ್ಪಿಗೆ ಪಡೆಯುವುದು ಅಥವಾ ಆ ದೇಶದ ಕಾನ್ಸುಲೇಟ್‌ನಲ್ಲೇ ಸಹಿ ಹಾಕುವುದು ಲೇಸು. ಹಣದ ಕಡೆಯಿಂದ, ಮೇಷ್ಟ್ರು ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್‌ವರೆಗೆ ಕಳುಹಿಸಬಹುದು.

ಅಧಿಕಾರ ಪತ್ರ ಬರೆಸುವಾಗ ಎರಡು ಸಂಗತಿ. ಸ್ಪೇನ್‌ನಲ್ಲಿ ಫ್ಲಾಟಿನ ನಿರ್ವಹಣಾ ಶುಲ್ಕ ಬಾಕಿಯಿದ್ದರೆ ಆ ವರ್ಷದ್ದಕ್ಕೂ ಹಿಂದಿನ ಮೂರು ವರ್ಷಗಳದ್ದಕ್ಕೂ ಹೊಸ ಒಡೆಯರ ಫ್ಲಾಟೇ ಹೊಣೆ. ಬಾಕಿ ಎಷ್ಟಿದೆ ಎಂದು ತೋರಿಸುವ ಪ್ರಮಾಣಪತ್ರವನ್ನು ಮಾರುವವರು ತರಬೇಕು, ಆದರೆ ಕೊಳ್ಳುವವರು ‘ಬೇಡ’ ಎಂದು ವಿನಾಯಿತಿ ಕೊಡಬಹುದು. ಆ ವಿನಾಯಿತಿ ಕೊಡುವ ಅಧಿಕಾರವನ್ನು ಪತ್ರದಲ್ಲಿ ಸ್ಪಷ್ಟವಾಗಿ ಹೊರಗಿಡಿ. ಎರಡನೆಯದು ಹೆಸರು. ಆಧಾರ್‌ನಲ್ಲಿ ‘ಎಸ್.ಎಂ.’ ಎಂಬ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಊರು ಮತ್ತು ತಂದೆಯ ಹೆಸರು ಪೂರ್ತಿಯಾಗಿ ಇರುವುದು ನಮ್ಮಲ್ಲಿ ಮಾಮೂಲು. ಸ್ಪೇನ್‌ನ ನೋಟರಿ ನೋಡುವುದು ಪಾಸ್‌ಪೋರ್ಟನ್ನು, ಆದ್ದರಿಂದ ಇಲ್ಲಿನ ನೋಟರಿಯ ಮೊಹರು ಬೀಳುವ ಕಾಗದದಲ್ಲಿ ಅದೇ ಹೆಸರು, ಅದೇ ಅಕ್ಷರಗಳು ಇರಬೇಕು.