ಹೈ, ಲೋ, ಹೆಡ್‌ಫೋನ್: ಯಾವ ಜ್ಯಾಕ್‌ನಿಂದ ರೆಕಾರ್ಡ್ ಮಾಡಬೇಕು?

"ಸರ್, ಹೆಡ್‌ಫೋನ್ ಜ್ಯಾಕ್‌ನಿಂದ ತಗೊಂಡ್ರೆ ಸೌಂಡ್ ದಪ್ಪ ಬರುತ್ತೆ." ಅನಲಾಗ್ ಸಿಂಥ್ (ವಿದ್ಯುತ್ ಸರ್ಕ್ಯೂಟ್‌ನಿಂದ ಸ್ವರ ಹುಟ್ಟಿಸುವ ಕೀಬೋರ್ಡ್ ವಾದ್ಯ) ಹಿಡಿದು ಸ್ಟುಡಿಯೋಗೆ ಬರುವವರಲ್ಲಿ ತುಂಬಾ ಜನ ಹೀಗೆ ಹೇಳುತ್ತಾರೆ. ಅವರ ಕಿವಿಗೆ ದಪ್ಪ ಕೇಳಿಸಿದ್ದು ನಿಜವೇ. ಆದರೆ ಮೀಟರ್ ನೋಡಿದರೆ ಹೆಚ್ಚಿನ ಸಲ ಆ ಟೇಕ್ (ಒಂದು ಸಲದ ರೆಕಾರ್ಡಿಂಗ್) ಎರಡು ಮೂರು ಡೆಸಿಬೆಲ್ ಜೋರಾಗಿರುತ್ತದೆ, ಅಷ್ಟೇ. ಸ್ವಲ್ಪ ಜೋರಾದರೂ ಸಾಕು, ಬೇಸ್ ಜಾಸ್ತಿ ಇದೆ ಅಂತ ನಮಗೆ ಅನಿಸಿಬಿಡುತ್ತದೆ.

ಮಿನಿಮೂಗ್ ಮಾಡೆಲ್ ಡಿ ಅನ್ನುವ ಸಿಂಥ್ ನೋಡಿ, 1970ರಲ್ಲಿ ಬಂದದ್ದು. ಹಿಂಬದಿಯಲ್ಲಿ ಹೈ, ಲೋ ಅಂತ ಎರಡು ಔಟ್‌ಪುಟ್. ಮುಂದೆ ಹೆಡ್‌ಫೋನ್ ಜ್ಯಾಕ್, ಅದಕ್ಕೆ ಬೇರೆಯದೇ ವಾಲ್ಯೂಮ್ ನಾಬ್. ಹೈ ಮತ್ತು ಲೋ ಎರಡೂ ಒಂದೇ ಸಿಗ್ನಲ್, ಲೋ ಕಡೆ ಅದನ್ನು ರೆಸಿಸ್ಟರ್ ಹಾಕಿ ತಗ್ಗಿಸಿದ್ದಾರೆ, ಗಿಟಾರ್ ಆಂಪ್‌ನಂಥದ್ದಕ್ಕೆ ಹೊಂದಲಿ ಅಂತ. ಲೋದಿಂದ ತೆಗೆದುಕೊಂಡು ಇಂಟರ್‌ಫೇಸ್‌ನಲ್ಲಿ (ಸೌಂಡನ್ನು ಕಂಪ್ಯೂಟರ್‌ಗೆ ಕಳಿಸುವ ಪೆಟ್ಟಿಗೆ) ಗೇನ್ ಏರಿಸಿದರೆ, ಅಂದರೆ ಸಿಗ್ನಲ್ ಹಿಗ್ಗಿಸಿದರೆ, ಅದರೊಳಗಿನ ಪ್ರಿಆಂಪ್‌ನ 'ಸ್ಸ್' ಸದ್ದೂ ಜೊತೆಗೇ ಏರುತ್ತದೆ. ಲೈನ್ ಇನ್‌ಪುಟ್ (ಜೋರಾದ ಸಿಗ್ನಲ್‌ಗೆಂದೇ ಇರುವ ಜ್ಯಾಕ್) ಇದ್ದರೆ ಹೈ ಬಳಸಿ. ಹೆಡ್‌ಫೋನ್ ದಾರಿಯಲ್ಲಿ ಇನ್ನೊಂದು ಆಂಪ್ ಅಡ್ಡ ಬರುತ್ತದೆ, ಅದರ ನಾಯ್ಸ್ ಮತ್ತು ಡಿಸ್ಟಾರ್ಷನ್ ಕೂಡ ಸೇರಿಕೊಳ್ಳುತ್ತದೆ.

ಹೋಲಿಸುವಾಗ ಎಲ್ಲರೂ ತಪ್ಪುವುದು ಒಂದೇ ಕಡೆ. ಮೊದಲು ಒಂದು ಜ್ಯಾಕ್, ಆಮೇಲೆ ಕೇಬಲ್ ಕಿತ್ತು ಇನ್ನೊಂದು ಜ್ಯಾಕ್, ಎರಡು ಬೇರೆ ಬೇರೆ ಟೇಕ್. ಅನಲಾಗ್ ಆಸಿಲೇಟರ್, ಅಂದರೆ ಸ್ವರ ಹುಟ್ಟಿಸುವ ಸರ್ಕ್ಯೂಟ್, ಅಷ್ಟರಲ್ಲಿ ಜಾರಿರುತ್ತದೆ, ಬಿಸಿ ಏರಿದಾಗ ತಂಬೂರಿಯ ಶ್ರುತಿ ಸರಿಯುತ್ತಲ್ವಾ, ಹಾಗೆ. ಮೂರು ಆಸಿಲೇಟರ್ ಒಟ್ಟಿಗೆ ಓಡುವಾಗ ಅವುಗಳ ನಡುವಿನ ತೇಲಾಟ ಪ್ರತಿ ಟೇಕ್‌ನಲ್ಲೂ ಬೇರೆ. ಆಗ ನೀವು ಹೋಲಿಸುತ್ತಿರುವುದು ಔಟ್‌ಪುಟ್ ಅಲ್ಲ, ಎರಡು ಬೇರೆ ಕ್ಷಣಗಳನ್ನು.

ಹಾಗಾಗಿ ನಾನು ಎರಡೂ ಜ್ಯಾಕ್‌ಗೆ ಕೇಬಲ್ ಹಾಕಿ, ಒಂದೇ ಟೇಕ್‌ನಲ್ಲಿ ಎರಡು ಟ್ರ್ಯಾಕ್ ರೆಕಾರ್ಡ್ ಮಾಡುತ್ತೇನೆ. ಸಿಂಥ್ ಅರ್ಧ ಗಂಟೆ ಬಿಸಿಯಾಗಲು ಬಿಟ್ಟು, ಒಂದೇ ಸ್ವರ ಹಿಡಿದಿಟ್ಟು, ಆಮೇಲೆ ಎರಡರ ಲೆವೆಲ್ ಅನ್ನು 0.1 ಡೆಸಿಬೆಲ್ ಒಳಗೆ ಸರಿಮಾಡಿ ಕೇಳುವುದು. ಇನ್ನೂ ಅನುಮಾನ ಇದ್ದರೆ ಒಂದು ಟ್ರ್ಯಾಕ್‌ನ ಪೋಲಾರಿಟಿ ತಿರುಗಿಸಿ (ಅಲೆಯನ್ನು ತಲೆಕೆಳಗು ಮಾಡಿ) ಎರಡನ್ನೂ ಕೂಡಿಸಿ. ಒಂದೇ ರೀತಿ ಇರುವುದೆಲ್ಲ ಒಂದನ್ನೊಂದು ಕಳೆದುಕೊಂಡು, ವ್ಯತ್ಯಾಸ ಮಾತ್ರ ಉಳಿಯುತ್ತದೆ. ಅದನ್ನು ಒಮ್ಮೆ ಕೇಳಿದರೆ ದಪ್ಪ, ತೆಳು ಅನ್ನುವ ವಾದ ಅಲ್ಲೇ ಮುಗಿಯುತ್ತದೆ.

ಒಂದು ಎಚ್ಚರ. ಸ್ಟೀರಿಯೋ ಹೆಡ್‌ಫೋನ್ ಜ್ಯಾಕ್‌ನಿಂದ ಎರಡು ಕಪ್ಪು ಗೆರೆಯ ಪಿನ್ ಇರುವ ಕೇಬಲ್ ಎಳೆದು ಬ್ಯಾಲೆನ್ಸ್ಡ್ ಇನ್‌ಪುಟ್‌ಗೆ ಹಾಕಬೇಡಿ. ಆ ಇನ್‌ಪುಟ್ ಎಡಬಲದ ವ್ಯತ್ಯಾಸವನ್ನಷ್ಟೇ ಕೇಳುತ್ತದೆ. ಮೋನೋ ಸಿಂಥ್‌ನಲ್ಲಿ ಎರಡೂ ಕಡೆ ಒಂದೇ ಸೌಂಡ್, ಆದ್ದರಿಂದ ಹೆಚ್ಚುಕಡಿಮೆ ಪೂರ್ತಿ ಮಾಯವಾಗಿ, ಅಳಿದುಳಿದದ್ದು ತೆಳ್ಳಗೆ ಕೇಳಿಸುತ್ತದೆ. ಇದನ್ನೇ ನೋಡಿ ಸಿಂಥ್ ಕೆಟ್ಟಿದೆ ಅಂತ ರಿಪೇರಿಗೆ ಕೊಟ್ಟವರೂ ಇದ್ದಾರೆ.

ಮಿನಿಮೂಗ್‌ನಲ್ಲಿ ನಿಜಕ್ಕೂ ದಪ್ಪ ಸೌಂಡ್ ಬೇಕಾ? ಹೈಯಿಂದ ರೆಕಾರ್ಡ್ ಮಾಡುತ್ತಲೇ ಹೆಡ್‌ಫೋನ್ ಔಟ್ ಅನ್ನು ಅದರದೇ ಎಕ್ಸ್‌ಟರ್ನಲ್ ಇನ್‌ಪುಟ್‌ಗೆ (ಹೊರಗಿನ ಸೌಂಡ್ ಒಳಗೆ ಬಿಡುವ ಜ್ಯಾಕ್) ಜೋಡಿಸಿ, ಸಿಂಥ್‌ನ ಮಿಕ್ಸರ್‌ನಲ್ಲಿ ಆ ಇನ್‌ಪುಟ್‌ನ ನಾಬ್ ಮೆಲ್ಲಗೆ ಏರಿಸಿ. ಸೌಂಡ್ ಮತ್ತೆ ಫಿಲ್ಟರ್ (ಸೌಂಡ್ ಸೋಸುವ ಸರ್ಕ್ಯೂಟ್) ಒಳಗೆ ಹೋಗಿ ಒರಟಾಗುತ್ತಾ ಬರುತ್ತದೆ. ಸ್ಪೀಕರ್ ವಾಲ್ಯೂಮ್ ಮಾತ್ರ ಮೊದಲೇ ಇಳಿಸಿಟ್ಟುಕೊಳ್ಳಿ.